ಲೌಬಾಳ ಗಂಡ

ನಮ್ಮ ಬೊನ್ನಾ ಕೋಟೆಯ ಬಾಗಿಲ ಹೊರಗೆ, ನನ್ನ ಬಿಯರ್ ಅಂಗಡಿಗೆ ಅಂಟಿಕೊಂಡಂತೆ ಲೌಬಾಳ ಮನೆ. ರೈನ್ ನದಿಯ ಈ ದಡದಲ್ಲೇ ಹುಟ್ಟಿ ಬೆಳೆದವಳು. ಸಿಪಾಯಿ ಕಾಲ್ವಿಯಸ್‌ನ ಜೊತೆ ಸಂಸಾರ ಮಾಡಿ, ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ಉಣ್ಣೆ ನೂತು ನೂತು ಬೆರಳು ಸವೆಸಿಕೊಂಡಳು. ಆದರೂ ಹೆಂಡತಿ ಅನ್ನಿಸಿಕೊಳ್ಳಲಿಲ್ಲ. ಚಕ್ರವರ್ತಿಯ ಪಡೆಯಲ್ಲಿ ಹೆಸರಿರುವ ಗಂಡಸಿಗೆ ಕಾನೂನಿನಲ್ಲಿ ಹೆಂಡತಿಯೇ ಇಲ್ಲ. ಯಾರು ಮಾಡಿದ ಕಾನೂನೋ, ಅವನ ಮನೆ ಹಾಳಾಗ!

ಹೋದ ಬೇಸಿಗೆಯಲ್ಲಿ ಕಾಲ್ವಿಯಸ್‌ಗೆ ಪಡೆಯಿಂದ ಬಿಡುಗಡೆಯಾಯಿತು. ಮಾರನೆಯ ದಿನವೇ ಮದುವೆ. ಹಿರಿಮಗಳು ಎತ್ತರಕ್ಕೆ ಬೆಳೆದು ನಿಂತಿರುವಾಗ ತಾಯಿ ಮದುವಣಗಿತ್ತಿಯ ಕೇಸರಿ ಮುಸುಕು ಹೊದ್ದಳು. ನಾವೆಲ್ಲ ನಕ್ಕೆವು, ಅವಳು ಅತ್ತಳು. ಆಮೇಲೆ ನೀರಿಗೆ ಬಂದರೂ "ನಮ್ಮೆಜಮಾನ್ರು" ಎಂದೇ ಅವಳ ಮಾತು ಶುರುವಾಗುತ್ತಿತ್ತು.

ಯಜಮಾನರಿಗೋ ನಿಂತಲ್ಲಿ ಕಾಲು ನಿಲ್ಲದು. ಕೋಟೆಯೊಳಗೆ ತುತ್ತೂರಿ ಊದಿದರೆ ಗಂಜಿಯ ಬಟ್ಟಲು ಬಿಟ್ಟು ಎದ್ದು ನಿಲ್ಲುತ್ತಿದ್ದ. ಒಂದೇ ಕೋಣೆಯಲ್ಲಿ ಎಂಟು ಜನರ ಗೊರಕೆ ಕೇಳುತ್ತ ಮಲಗಿದವನಿಗೆ ಮನೆಯಲ್ಲಿ ನಿದ್ದೆಯೇ ಹತ್ತುತ್ತಿರಲಿಲ್ಲ. ಬೆಳಗಾದರೆ ಕೋಟೆ ಬಾಗಿಲಿಗೆ ಹೋಗಿ, ಕಾವಲುಗಾರರಿಗೆ ದಿನಕ್ಕೊಂದು ಕೊಡುವ ಗುಟ್ಟಿನ ಮಾತು ಇವತ್ತು ಯಾವುದು ಎಂದು ಕೇಳುವನು.

"ನಿಮಗ್ಯಾಕೆ ಮಾವ ಅದೆಲ್ಲ? ಮನೇಗ್ ಹೋಗಿ ಅತ್ತೆ ಮಾತು ಕೇಳಿ," ಎಂದು ಕಾವಲಿನವರು ಕಿಚಾಯಿಸುತ್ತಿದ್ದರು.

ಅವನು ಸೊರಗಿ ಕಡ್ಡಿಯಾದ. ಲೌಬಾ ನನ್ನ ಅಂಗಡಿಗೆ ಬಂದು, "ಅಕ್ಕಾ, ಇಷ್ಟು ವರ್ಷ ಕಾದಿದ್ದು ಹೆಣ ಕಾಯೋದಕ್ಕಾ?" ಎಂದಳು.

ಚಳಿಗಾಲದಲ್ಲಿ ಆಚೆ ದಡದವರ ಗಲಾಟೆ ಜೋರಾಯಿತು. ಹಳೆಯ ಸಿಪಾಯಿಗಳು ಬೇಕಾದರೆ ಮತ್ತೆ ಪಡೆಗೆ ಸೇರಬಹುದು ಎಂದು ಕೋಟೆಯವರು ಸಾರಿದರು. ಸೇರಿದರೆ ಮದುವೆ ಮುರಿದಂತೆ. ಕಾಲ್ವಿಯಸ್ ಅಂಗಳದಲ್ಲಿ ಶತಪಥ ಹಾಕುತ್ತಲೇ ಇದ್ದ.

ಲೌಬಾ ಒಳಗಿನಿಂದ ಅವನ ಗಂಟು ತಂದಳು. "ಮೆಟ್ಟು ಹಾಕ್ಕೋ, ನಡಿ."

"ಎಲ್ಲಿಗೇ?"

"ಎಲ್ಲಿಗೆ ಅಂತ ನಿಂಗೊತ್ತಿಲ್ವಾ? ನಡಿ ಮಾರಾಯ."

ನಾನು ಅಡ್ಡ ನಿಂತೆ. "ತಲೆ ಕೆಟ್ಟಿದ್ಯೇನೇ ನಿಂಗೆ? ಒಂದ್ ಚಳಿಗಾಲನಾದ್ರೂ ಹೆಂಡ್ತಿ ಆಗಿರು!"

"ಬಿಡಕ್ಕಾ, ಬದುಕಿರ್ಲಿ," ಎಂದು ನನ್ನ ಕೈ ಸರಿಸಿದಳು. ನಾನೂ ಬೈಯುತ್ತಲೇ ಹಿಂದೆ ಹೋದೆ.

ಕೋಟೆ ಬಾಗಿಲಲ್ಲಿ ಗುಮಾಸ್ತ ಅವನ ಹೆಸರು, ಊರು ಬರೆದುಕೊಂಡ. ತಲೆಯೆತ್ತದೆ, "ಹೆಂಡ್ತಿ ಇದಾಳಾ?" ಎಂದ.

ಕಾಲ್ವಿಯಸ್ ಲೌಬಾಳ ಕಡೆ ತಿರುಗಿದ.

"ಇಲ್ಲ ಅಂತ ಬರ್ಕೊಳ್ಳಿ ಸ್ವಾಮಿ," ಎಂದಳು, ಅವನ ಗಂಟು ಹೊತ್ತು ಪಕ್ಕದಲ್ಲೇ ನಿಂತಿದ್ದ ಲೌಬಾ.