ಒಂದು ಕೂದಲೆಳೆಯ ಜಾಗ

ಬಾಳೂರಿನ ಲೇತ್ ಉಸ್ಮಾನ್ ಕಾಕಾ ಅಳತೆ ತಪ್ಪಿಸಿದರು ಎಂದು ಹೇಳಿದವನು ನಾನು. ಅದು ಸುಳ್ಳು. ಅಳತೆ ನನ್ನದು, ತಪ್ಪು ನನ್ನದು, ಹಟವೂ ನನ್ನದೇ. ಹನ್ನೊಂದು ವರ್ಷದ ಹಿಂದೆ ಐದು ಜನರ ಎದುರಿಗೆ ಆಡಿದ ಸುಳ್ಳು ಅದು. ಹಾಗಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ನಾಲ್ಕು ಜನ ಓದುವಂತೆಯೇ ಆಗಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಬಾಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ ಪುಸ್ತಕ ಮತ್ತು ಸ್ಟೋರಿನ ಬೀಗದಕೈ, ಇವೆರಡರ ನಡುವೆ ಬದುಕು. ಹರೆಯದಲ್ಲಿ ಇಂಜಿನಿಯರಿಂಗ್ ಡಿಪ್ಲೊಮಾ ಓದಲು ಹೋಗಿ ಮೊದಲ ವರ್ಷಕ್ಕೇ ಬಿಟ್ಟು ಬಂದವನು ನಾನು. ಓದು ಹೋಯಿತು, ಅದರ ಜಂಬ ಮಾತ್ರ ಉಳಿದುಕೊಂಡಿತು. ಭಾನುವಾರ ಬಂತೆಂದರೆ ಕ್ವಾರ್ಟರ್ಸಿನ ಹಿಂದೆ ಏನಾದರೊಂದು ಯಂತ್ರ ಬಿಚ್ಚಿಕೊಂಡು ಕೂರುತ್ತಿದ್ದೆ. ಆ ವರ್ಷ ತಲೆಗೆ ಹೊಕ್ಕಿದ್ದು ಕಾಫಿಬೀಜ ಹುರಿಯುವ ಯಂತ್ರ. ಬಾಣಲೆಯಲ್ಲಿ ಹುರಿದರೆ ಅರ್ಧ ಕರಕು, ಅರ್ಧ ಹಸಿ. ಅದಕ್ಕೇ ಗ್ಯಾಸ್ ಒಲೆಯ ಮೇಲೆ ತಿರುಗುವ ಡ್ರಮ್ಮು, ಅದಕ್ಕೊಂದು ಸ್ಟ್ಯಾಂಡು, ತಿರುಗಿಸಲು ಒಂದು ಹಿಡಿ — ಎಲ್ಲವನ್ನೂ ಕೈಯಾರೆ ಮಾಡಿದೆ. ಶಾಫ್ಟ್ ಒಂದು ಮಾತ್ರ ನನ್ನ ಕೈಲಾಗುವಂಥದ್ದಲ್ಲ. ಡ್ರಮ್ಮಿನ ನಡುವೆ ಹಾಯ್ದು, ಎರಡೂ ತುದಿಗಳಲ್ಲಿ ಬಳೆಯಂಥ ಹಿತ್ತಾಳೆಯ ಬುಷ್ಷಿನೊಳಗೆ ತಿರುಗುವ ಆ ಉಕ್ಕಿನ ಸರಳನ್ನು ಲೇತಿನಲ್ಲೇ ಕಡೆಸಬೇಕಿತ್ತು.

ಉಸ್ಮಾನ್ ಕಾಕಾ ಅವರದು ರಸ್ತೆ ಬದಿಯ ತಗಡಿನ ಶೆಡ್ಡು, ಒಂದೇ ಲೇತು. ಕೊಯ್ಲಿಗೆ ಮೊದಲು ಸುತ್ತಲಿನ ಎಸ್ಟೇಟುಗಳ ಪಲ್ಪರ್‌ಗಳು, ಅಂದರೆ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳು, ರಿಪೇರಿಗೆ ಅವರ ಕೈಗೇ ಬರುತ್ತಿದ್ದವು. ಆ ಎರಡು ಮೂರು ತಿಂಗಳ ಕೆಲಸವೇ ಅವರ ವರ್ಷದ ಅನ್ನ. ಅವರದೊಂದು ರೂಢಿ ಇತ್ತು: ತಾವೇ ಅಳೆದು ಕಡೆದ ಕೆಲಸದ ತುದಿಗೆ ಪಂಚಿನಿಂದ ಮೂರು ಚುಕ್ಕೆ ಹೊಡೆಯುವುದು. ಆ ಚುಕ್ಕೆ ಇದ್ದರೆ ಯಾರೂ ಮರುಮಾತಾಡುತ್ತಿರಲಿಲ್ಲ.

ನಾನು ಡ್ರಾಯಿಂಗ್ ಹಿಡಿದುಕೊಂಡು ಹೋದೆ. ಅವರು ಅದನ್ನು ನೋಡಿ ಮೆಲ್ಲಗೆ ಮಡಚಿಟ್ಟರು.

“ಕಾಗ್ದ ಬೇಡ ರೈಟರೇ, ಡ್ರಮ್ಮನ್ನೇ ತನ್ನಿ. ಬುಷ್ ಹಾಕಿ ನೋಡಿ ಕಡೀತೀನಿ.”

“ಡ್ರಾಯಿಂಗ್‌ನಲ್ಲಿ ಎಲ್ಲ ಇದೆ. ಇದ್ದ ಹಾಗೆ ಮಾಡಿ.”

“ಬೆಂಕಿ ಮೇಲೆ ತಿರ್ಗೋದಲ್ವಾ ಇದು? ಬಿಸಿಗೆ ಉಬ್ಬುತ್ತೆ. ಒಂದು ಕೂದ್ಲೆಳೆ ಜಾಗ ಬಿಡ್ತೀನಿ.”

“ಬೇಡ. ಸಡಿಲ ಆದ್ರೆ ಗಡಗಡ ಅನ್ನುತ್ತೆ.”

“ನಿಮ್ಮಿಷ್ಟ ಮಾರಾಯ್ರೆ,” ಎಂದು ನಕ್ಕರು.

ಮೂರನೆಯ ದಿನ ಡ್ರಾಯಿಂಗ್ ಸಮೇತ ಶಾಫ್ಟ್ ಕೊಟ್ಟರು. ಡ್ರಾಯಿಂಗಿನಲ್ಲಿ ಇದ್ದ ಹಾಗೇ ಇತ್ತು. ಆದರೆ ಚುಕ್ಕೆ ಇರಲಿಲ್ಲ. ಕೇಳಿದರೆ, “ಅಳತೆ ನಿಮ್ದಲ್ವಾ, ಗುರ್ತು ನಾನು ಹೆಂಗೆ ಹಾಕ್ಲಿ?” ಎಂದರು. ನಾನು ಬಿಡಲಿಲ್ಲ. ನೋಡಿದವರು ಮೆಚ್ಚಬೇಕಲ್ಲ — ನನ್ನ ಯಂತ್ರದಲ್ಲೂ ಉಸ್ಮಾನ್ ಕಾಕಾ ಚುಕ್ಕೆ ಇದೆ ಅನ್ನಿಸಿಕೊಳ್ಳಬೇಕಲ್ಲ. ಮಕ್ಕಳ ಹಾಗೆ ಗೋಗರೆದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಮೂರು ಚುಕ್ಕೆ ಹೊಡೆದು ಕೊಟ್ಟರು. ಆ ಗುರುತನ್ನು ಬೇಡಿ ಪಡೆದವನು ನಾನು. ಇದನ್ನು ಎಷ್ಟು ಸಲ ಬರೆದರೂ ಸಾಲದು.

ಮುಂದಿನ ಭಾನುವಾರ ಬಂಗಲೆಯ ಜಗಲಿಯಲ್ಲಿ ಪ್ರದರ್ಶನ. ನಮ್ಮ ಸಾಹುಕಾರರು, ಮ್ಯಾನೇಜರು, ಅಕ್ಕಪಕ್ಕದ ಎಸ್ಟೇಟುಗಳ ಮೂವರು. ಒಲೆ ಹಚ್ಚುವ ಮೊದಲು ಡ್ರಮ್ಮು ಬೆರಳಲ್ಲಿ ತಳ್ಳಿದರೆ ತಿರುಗುತ್ತಿತ್ತು. ಬೆಂಕಿ ಹತ್ತಿ ಹತ್ತು ನಿಮಿಷವಾಗಿ, ಬೀಜ ಚಟಪಟ ಅನ್ನುವ ಹೊತ್ತಿಗೆ ಸರಿಯಾಗಿ ಕಚ್ಚಿಕೊಂಡು ನಿಂತುಬಿಟ್ಟಿತು. ನಾನು ಹಿಡಿಗೆ ಜೋತುಬಿದ್ದೆ. ಅಲುಗಲಿಲ್ಲ. ಬೀಜ ಸುಟ್ಟು ಜಗಲಿಯೆಲ್ಲ ಹೊಗೆ. “ರೈಟರ ಇಂಜಿನಿಯರಿಂಗು ಹೊಗೆ ಆಯ್ತು,” ಎಂದು ಒಬ್ಬರು ನಕ್ಕರು. ಉಳಿದವರೂ ನಕ್ಕರು.

ಸಾಹುಕಾರರು ಮಾತ್ರ ಬಗ್ಗಿ ಶಾಫ್ಟಿನ ತುದಿ ನೋಡಿದರು.

“ಇದು ಉಸ್ಮಾನ್ ಮಾಡಿದ್ದಾ?”

“ಹೌದು ಸರ್. ಅಳತೆ ತಪ್ಪಿಸಿದ್ದಾನೆ.”

ಅಷ್ಟೇ. ಯೋಚಿಸಿ ಆಡಿದ್ದಲ್ಲ, ಆದರೆ ಬಾಯಿ ತಪ್ಪಿ ಬಂದದ್ದೂ ಅಲ್ಲ. ಎದುರಿಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದವರನ್ನು ಅಂದು ‘ತಪ್ಪಿಸಿದ್ದಾನೆ’ ಅಂದೆ. “ವಯಸ್ಸಾಯ್ತಲ್ಲ, ಕಣ್ಣು ಮಂಜಾಗಿರ್ಬೇಕು,” ಎಂದರು ಪಕ್ಕದ ಎಸ್ಟೇಟಿನವರು. ಇಲ್ಲ ಅನ್ನಬಹುದಿತ್ತು. ನಾನು ತಲೆಯಾಡಿಸಿದೆ.

ಅವರೆಲ್ಲ ಊಟಕ್ಕೆ ಎದ್ದು ಹೋದ ಮೇಲೆ ಯಂತ್ರ ತಣಿಯಿತು, ಡ್ರಮ್ಮು ತಾನಾಗಿ ಸಡಿಲವಾಯಿತು. ಬೆರಳಲ್ಲಿ ತಳ್ಳಿದೆ. ತಿರುಗಿತು. ನನಗೆ ಆಗಲೇ ಎಲ್ಲ ಅರ್ಥವಾಯಿತು. ಊಟದ ಮನೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಐದೂ ಜನ ಅಲ್ಲೇ ಕೂತಿದ್ದರು. ನಾನು ಎದ್ದು ಹೋಗಲಿಲ್ಲ. ಯಂತ್ರವನ್ನು ಹೊತ್ತುಕೊಂಡು ಕ್ವಾರ್ಟರ್ಸಿಗೆ ಬಂದೆ. ಶಾಫ್ಟಿನ ಎರಡೂ ತುದಿಗಳನ್ನು ಎಮರಿ ಪೇಪರಿನಿಂದ ಒಂದು ಕೂದಲೆಳೆಯಷ್ಟು ಉಜ್ಜಿದೆ. ಮುಂದಿನ ವಾರ ಹುರಿದ ಬೀಜ ಬಂಗಲೆಗೆ ಕಳಿಸಿದಾಗ ಸಾಹುಕಾರರು ಬೆನ್ನು ತಟ್ಟಿದರು — ಲೇತಿನವನು ಕೆಡಿಸಿದ್ದನ್ನು ರೈಟರ್ ಸರಿಮಾಡಿದ ಎಂದು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಆ ವರ್ಷ ನಮ್ಮ ಪಲ್ಪರ್ ರಿಪೇರಿಗೆ ಚಿಕ್ಕಮಗಳೂರಿಗೆ ಹೋಯಿತು. ಜೀಪಿಗೆ ಹೇರಿಸಿ ಚೀಟಿ ಬರೆದು ಕೊಟ್ಟವನೂ ನಾನೇ. ಆ ಮೂವರ ಎಸ್ಟೇಟುಗಳ ಪಲ್ಪರ್‌ಗಳೂ ಹಿಂದೆಯೇ ಹೋದವು.

ಒಂದು ದಿನ ಉಸ್ಮಾನ್ ಕಾಕಾ ಆಫೀಸಿಗೆ ಬಂದರು. ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಕೇಳಿದರು:

“ನಿಮ್ಮ ಮಿಷನ್ನಲ್ಲಿ ಹುರ್ದಿದ್ದಾ? ಚೆನ್ನಾಗಿದೆ. ಕೂದ್ಲೆಳೆ ಬಿಟ್ರಿ, ಅಲ್ವಾ?”

“ಹೂಂ.”

“ನಂಗೊತ್ತಿತ್ತು.” ಅವರ ಮುಖ ಅರಳಿತು. ತಮ್ಮ ಮಾತು ನಿಜವಾಯಿತು ಅನ್ನುವ ಖುಷಿ, ಬೇರೇನೂ ಇಲ್ಲ. ಆಮೇಲೆ ಲೋಟ ಕೆಳಗಿಟ್ಟು, “ಈ ಸಲ ಪಲ್ಪರ್ ಬರ್ಲಿಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತಾ ರೈಟರೇ?” ಎಂದರು.

“ಸಾವ್ಕಾರ್ರು ಏನೋ ಬೇರೆ ಯೋಚ್ನೆ ಮಾಡಿದ್ದಾರೆ. ನಂಗೂ ಸರಿ ಗೊತ್ತಿಲ್ಲ.”

ಮೊದಲನೆಯದು ನಾಚಿಕೆಗೆ ಹೆದರಿ ಆಡಿದ ಸುಳ್ಳು ಅಂದುಕೊಳ್ಳಬಹುದೇನೋ. ಇದಕ್ಕೆ ಏನೆನ್ನಲಿ — ಮನುಷ್ಯ ಎದುರಿಗೆ ಕೂತು, ನೇರವಾಗಿ, ನನ್ನನ್ನೇ ನಂಬಿ ಕೇಳಿದ್ದು.

ಎರಡು ವರ್ಷ ಕಳೆದು ಅವರು ಲೇತು ಮಾರಿದರು. ಅದು ಲಾರಿಯಲ್ಲಿ ಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಆಮೇಲೆ ನಾನೂ ನಿವೃತ್ತನಾಗಿ ಕಳಸ ಸೇರಿದೆ. ಯಂತ್ರವೂ ಜೊತೆಗೆ ಬಂತು. ಇವತ್ತಿಗೂ ಅದರಲ್ಲೇ ಹುರಿಯುತ್ತೇನೆ, ಬಂದವರು ಹೊಗಳುತ್ತಾರೆ.

ಹೋದ ತಿಂಗಳು ಮೂಡಿಗೆರೆಯಲ್ಲಿ ಕಿಟಕಿಗೆ ಗ್ರಿಲ್ ಮಾಡಿಸಲು ಒಂದು ವೆಲ್ಡಿಂಗ್ ಅಂಗಡಿಗೆ ಹೋದೆ. ಮೂಲೆಯಲ್ಲಿ ಕೂತು ಸರಳಿನ ಅಂಚು ಉಜ್ಜುತ್ತಿದ್ದವರು ಉಸ್ಮಾನ್ ಕಾಕಾ. ಗುರುತು ಹಿಡಿದು ನಕ್ಕರು. ಕಿಟಕಿಯ ಅಳತೆಯ ಚೀಟಿ ಕೊಡಲು ಹೋದರೆ ಕೈ ಹಿಂದೆ ತೆಗೆದುಕೊಂಡರು.

“ಓನರ್ ಹತ್ರ ಕೊಡಿ. ಅಳತೆ ಕೆಲ್ಸ ನಾನು ಮುಟ್ಟಲ್ಲ ಈಗ. ಕಣ್ಣು ಸರಿ ಇಲ್ಲ ಅಂತ ಅಲ್ಲೆಲ್ಲ ಅಂದ್ರಂತಲ್ಲ. ಕೇಳಿ ಕೇಳಿ ನಂಗೂ ಹಂಗೇ ಅನ್ಸೋಕೆ ಶುರುವಾಯ್ತು. ಎಲ್ಲೋ ತಪ್ಪಿರ್ಬೇಕು ನಾನು.”

ಕೆಲಸ ಹೋಯಿತು ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ತಿಳಿದಿರಲಿಲ್ಲ. ಅಂದೂ ನಾನು ಬಾಯಿ ಬಿಡಲಿಲ್ಲ. ಗ್ರಿಲ್ಲಿಗೆ ಹೇಳಿ ಬಸ್ಸು ಹತ್ತಿದೆ.

ಇವತ್ತು ಬೆಳಿಗ್ಗೆ ಯಂತ್ರ ಬಿಚ್ಚಿ ಶಾಫ್ಟ್ ಹೊರಗೆ ತೆಗೆದಿದ್ದೇನೆ. ನನ್ನ ಕೈಬರಹದ ಡ್ರಾಯಿಂಗ್ ಕೂಡ ಇದೆ. ಅದನ್ನು ಯಾಕೆ ಹರಿಯಲಿಲ್ಲವೋ ನನಗೇ ಗೊತ್ತಿಲ್ಲ. ನಾಳೆ ಮೊದಲು ಸಾಹುಕಾರರ ಬಂಗಲೆಗೆ ಹೋಗುತ್ತೇನೆ. ಸುಳ್ಳು ಆಡಿದ ಜಗಲಿಯಲ್ಲೇ ನಿಜವನ್ನೂ ಆಡಬೇಕು. ಅಲ್ಲಿಂದ ಮೂಡಿಗೆರೆಗೆ. ಶಾಫ್ಟು, ಡ್ರಾಯಿಂಗು, ಅಳೆಯಲು ಒಂದು ವರ್ನಿಯರ್ — ಮೂರನ್ನೂ ಅವರ ಮುಂದಿಡುತ್ತೇನೆ. ಡ್ರಾಯಿಂಗಿನಲ್ಲಿ ಸರಳಿನ ಉದ್ದಕ್ಕೂ ಒಂದೇ ದಪ್ಪ; ತುದಿಗಳನ್ನು ನಾನು ಉಜ್ಜಿದ್ದೇನೆ, ನಡುವಿನ ಭಾಗ ಅವರು ಕಡೆದಂತೆಯೇ ಇದೆ. ಅವರೇ ಅಳೆಯಲಿ. ಕಾಗದದಲ್ಲಿ ಬರೆದಷ್ಟೇ ಇದೆ, ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲ ಎಂಬುದನ್ನು ಅವರ ಕಣ್ಣೇ ನೋಡಲಿ. ಆಮೇಲೆ ನನ್ನ ಮುಖ ನೋಡುವುದು, ಬಿಡುವುದು ಅವರಿಗೆ ಸೇರಿದ್ದು.