ಉಪವಾಸ ಇದ್ದು ಹಲ್ಲು ಕೂರಿಸಿಕೊಳ್ಳಲು ಹೋದೆ

ಹೋದ ವರ್ಷ ದೀಪಾವಳಿ ಮುಗಿದು ಚಳಿ ಶುರುವಾಗಿದ್ದ ದಿನಗಳ ಮಾತು. ಕಮಲಾಪುರದ ಬಸ್ ನಿಲ್ದಾಣದ ಎದುರು ನನ್ನದೊಂದು ಟೈರ್ ಪಂಕ್ಚರ್ ಅಂಗಡಿ ಇದೆ. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ನಾನು ಕೂರಿಸಿದ ಟೈರು ದಾರಿಯಲ್ಲಿ ಕೈಕೊಟ್ಟಿತು ಎಂದು ಇವತ್ತಿನವರೆಗೆ ಯಾರೂ ಬಂದು ಹೇಳಿಲ್ಲ.

ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟೈರು ಬಿಚ್ಚುವಾಗ ಕಬ್ಬಿಣದ ಪಟ್ಟಿ ಜಾರಿ ಬಾಯಿಗೆ ಬಡಿಯಿತು. ಮೇಲಿನ ಮುಂದಿನ ಹಲ್ಲು ಹೋಯಿತು. ನೋವು ವಾರದಲ್ಲಿ ಮಾಯವಾಯಿತು, ಆದರೆ ಅದರ ಜೊತೆ ನನ್ನ ನಗುವೂ ಹೋಯಿತು. ಗಿರಾಕಿಗಳ ಜೊತೆ ಗಹಗಹಿಸುತ್ತಿದ್ದವನು ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡತೊಡಗಿದೆ. ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲೊಂದನ್ನು ಮಾಡಿಸಿದ್ದೆ. ಒಂದು ದಿನ ನಾಲ್ಕು ಜನ ಗಿರಾಕಿಗಳ ಎದುರು ಸೀನಿದಾಗ ಅದು ಹಾರಿ ಟ್ಯೂಬ್ ಅದ್ದುವ ನೀರಿನ ತೊಟ್ಟಿಗೆ ಬಿತ್ತು. ಅದನ್ನು ಮತ್ತೆ ಬಾಯಿಗೆ ಇಡಲಿಲ್ಲ.

"ಅಂಗಡ್ಯಾಗ ಹವಾ ತುಂಬೋ ಸಪ್ಪಳ ಬಿಟ್ರ ಬ್ಯಾರೆ ಏನೂ ಕೇಳಂಗಿಲ್ಲ ಈಗ," ಎಂದು ಹೆಂಡತಿ ಮಹಾದೇವಿ ಬೇಸರ ಮಾಡಿಕೊಂಡಳು.

ನಮ್ಮೂರಲ್ಲಿ ಸಣ್ಣ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರ್ ಸುಮೇಧಾ ಒಂದು ದಿನ ಸ್ಕೂಟಿಗೆ ಹವಾ ಹಾಕಿಸಲು ಬಂದರು. "ಕಾಕಾ, ದವಡಿ ಎಲುಬಿನಾಗ ಸ್ಕ್ರೂ ಕೂಡಿಸಿ ಅದರ ಮ್ಯಾಲ ಹಲ್ಲು ಕಟ್ಟತಾರ. ಸೀನಿದ್ರೂ ಅಳಗ್ಯಾಡಂಗಿಲ್ಲ. ಕಲಬುರಗ್ಯಾಗ ಅದನ್ನ ನಮ್ಮಂಥ ಡಾಕ್ಟರಗೋಳಿಗೆ ಕಲಸಾಕತ್ತಾರ. ನಾನೂ ಹೊಂಟೀನಿ. ನೀವು ಬಂದ್ರ ನಿಮ್ಮ ಹಲ್ಲು ನಾನೇ ಮಾಡ್ತೀನಿ."

ನನಗೆ ಸಿಟ್ಟು ಬಂತು. "ಅಂದ್ರ ನನ್ನ ಬಾಯಾಗ ಕಲೀತೀರೇನು?"

"ಹೌದ್ರಿ," ಎಂದರು ಆಕೆ, ಮುಚ್ಚುಮರೆ ಇಲ್ಲದೆ. "ಬಾಜೂಕ ದೊಡ್ಡ ಸರ್ ನಿಂತಿರ್ತಾರ. ಪ್ಲಾಸ್ಟಿಕ್ ದವಡಿ, ಕುರಿ ದವಡಿ, ಎಲ್ಲಾದರ ಮ್ಯಾಲೂ ಮಾಡಿ ಕೈ ಕೂಡಿಸೀನಿ. ಮನುಷ್ಯಾರ ಬಾಯಿ ಅಂದ್ರ ನಿಮ್ಮದೇ ಮೊದಲು."

"ಕುರಿ ಆದ ಮ್ಯಾಲ ನಿಮ್ಮ ಪಾಳಿ ನೋಡ್ರಿ!" ಎಂದು ಮಹಾದೇವಿ ಸೆರಗು ಬಾಯಿಗಿಟ್ಟು ನಕ್ಕಳು.

ಆ ಡಾಕ್ಟರ್ ಸುಳ್ಳು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ನಾನೂ ಮೊದಲ ಪಂಕ್ಚರ್ ಯಾರದೋ ಗಾಡಿಯ ಮೇಲೆ ಕಲಿತವನೇ. "ಆಗಲಿ" ಎಂದೆ. ದವಡೆಯ ಫೋಟೋ, ರಕ್ತ, ಸಕ್ಕರೆ ಎಲ್ಲ ಪರೀಕ್ಷೆ ಆಯಿತು. ದಿನ ಗೊತ್ತಾಯಿತು.

ಹಿಂದಿನ ದಿನವೇ ಕಲಬುರಗಿಗೆ ಹೋಗಿ ಶಹಾಬಜಾರದ ತಂಗಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ತಂಗಿ ಬಿಸಿ ಸುಸಲಾ ಮಾಡಿ ತಟ್ಟೆ ಮುಂದಿಟ್ಟಳು. ಮಹಾದೇವಿ ತಟ್ಟೆಯನ್ನೇ ಎಳೆದುಕೊಂಡಳು. "ಆಪರೇಷನ್ ಅದ. ನಮ್ಮವ್ವ ಒಂದು ಗುಟುಕು ಚಹಾ ಕುಡದಿದ್ದಕ್ಕ ಆಪರೇಷನ್ ಮಾಡದ ವಾಪಸ್ ಕಳಿಸಿದ್ರು, ನೆನಪಿಲ್ಲೇನು?" ನಾನು ಹಿಂದಿನ ಸಂಜೆಯಿಂದಲೇ ಹನಿ ನೀರೂ ಮುಟ್ಟಿರಲಿಲ್ಲ.

ದವಾಖಾನೆಯ ದೊಡ್ಡ ಕೋಣೆಯಲ್ಲಿ ಸಾಲಾಗಿ ಕುರ್ಚಿಗಳು, ಒಂದೊಂದಕ್ಕೂ ಒಬ್ಬ ಕಲಿಯುವ ಡಾಕ್ಟರು, ಒಬ್ಬ ರೋಗಿ. ಕಲಿಸುವ ದೊಡ್ಡ ಸರ್ ಬೇರೆ ಊರಿನವರು, ಸಂಜೆಯ ರೈಲಿಗೆ ವಾಪಸ್ ಹೋಗುವವರು. ಬಿಪಿ ನೋಡುತ್ತ ನರ್ಸ್ ಕೇಳಿದರು, "ನಾಷ್ಟಾ ಏನು ಮಾಡೀರಿ?"

ನಾನು ಎದೆ ಉಬ್ಬಿಸಿದೆ. "ನಿನ್ನೆ ಸಂಜಿಯಿಂದ ಕಟ್ಟುನಿಟ್ಟ ಉಪಾಸ ಇದ್ದೀನ್ರಿ!"

ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ. ಸುಮೇಧಾ ಅವರ ಮುಖ ಬಿಳಿಚಿಕೊಂಡಿತು. "ಅಯ್ಯ ಕಾಕಾ! ಇದು ಬರೇ ಒಸಡಿಗೆ ಸೂಜಿ ಹಾಕಿ ಮಾಡೋದು. ಹೊಟ್ಟಿ ತುಂಬ ಉಂಡೇ ಬರಬೇಕಿತ್ತು. ಎಲ್ಲಾ ಹೇಳಿ ಅದೊಂದು ಹೇಳೋದು ಬಿಟ್ನಲ್ಲ ನಾನು." ಬಿಪಿ ಇಳಿದಿತ್ತು. ಏಳಲು ಹೋದರೆ ಕಣ್ಣಿಗೆ ಕತ್ತಲೆ ಬಂತು.

ದೊಡ್ಡ ಸರ್ ಬಂದು ನೋಡಿ ತಲೆ ಅಲ್ಲಾಡಿಸಿದರು. "ಈ ಸ್ಥಿತಿಯಲ್ಲಿ ಬೇಡ. ಮುಂದಿನವರು ಶುರು ಮಾಡಿ."

ಸುಮೇಧಾ ಗ್ಲೌಸ್ ಕಳಚಿದರು. ಕಣ್ಣಲ್ಲಿ ನೀರು. "ಇವತ್ತು ಆಗಲಿಲ್ಲಂದ್ರ ಸರ್ ಮತ್ತ ಯಾವಾಗ ಬರ್ತಾರೋ, ಕಾಕಾ." ಆಕೆಯ ಕಲಿಕೆಯೂ ಹೋಯಿತು, ನನ್ನ ಹಲ್ಲೂ ಹೋಯಿತು ಎಂದು ನಾನು ತಲೆ ತಗ್ಗಿಸಿ ಕುಳಿತೆ.

"ಉಂಡ್ರ ಆಗ್ತದೇನ್ರಿ?" ಎಂದು ಬಾಗಿಲಲ್ಲಿ ಮಹಾದೇವಿಯ ದನಿ.

"ಆಗ್ತದ, ಆದ್ರ..." ಎಂದರು ಸುಮೇಧಾ.

"ಆದ್ರ ಗೀದ್ರ ಬಿಡ್ರಿ." ಆಪರೇಷನ್ ಆದ ಮೇಲೆ ಬೇಕಾಗುತ್ತದೆಂದು ತಂದಿದ್ದ ಬುತ್ತಿಯನ್ನು ಹೊರಗಿನ ಬೆಂಚಿನ ಮೇಲೆ ಬಿಚ್ಚಿಯೇಬಿಟ್ಟಳು. ರೊಟ್ಟಿ, ಪುಂಡಿಪಲ್ಯ, ಮೊಸರು, ಶೇಂಗಾ ಹಿಂಡಿ, ಮೇಲೆ ನಮ್ಮೂರಿನ ಕೆಂಪು ಬಾಳೆಹಣ್ಣು. ಸುಮೇಧಾ ಓಡಿಹೋಗಿ ಸರ್‌ಗೆ ಕೈಮುಗಿದರು. "ಸರಿ, ನಿಮ್ಮದು ಕೊನೆಗೆ. ಬಿಪಿ ಸರಿಯಾದರೆ ಮಾತ್ರ," ಎಂದು ಒಳಗಿನಿಂದ ಕೇಳಿಸಿತು.

ಹೋಗಿ ಬರುವವರೆಲ್ಲ ನೋಡುತ್ತಿದ್ದರೂ ಬಿಡದೆ ಮಹಾದೇವಿ ಮೊಸರಲ್ಲಿ ರೊಟ್ಟಿ ಮುರಿದು ಕೈಗೆ ಕೊಡುತ್ತಲೇ ಇದ್ದಳು. ನಡುವೆ ಕೈ ನಿಲ್ಲಿಸಿ, ವಾಪಸ್ ಬಂದು ನಿಂತಿದ್ದ ಸುಮೇಧಾರನ್ನು ದಿಟ್ಟಿಸಿದಳು. "ಯವ್ವಾ, ನಿನ್ನ ಮಾರಿ ನೋಡಿದ್ರ ನೀನೂ ಉಪಾಸೇ ಇದ್ದಂಗದ."

"ಅಂಜಿಕಿಗೆ ಏನೂ ಇಳೀಲಿಲ್ಲ, ಕಾಕಿ," ಎಂದರು ಆಕೆ.

"ಹಸದ ಬಾಯಾಗ ಹಸದ ಕೈ ಇಡ್ತಿದ್ದಿ ಏನು? ಕೂಡು!"

ಡಾಕ್ಟರು, ರೋಗಿ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತು ಉಂಡೆವು. ಹಿಂಡಿಯ ಖಾರಕ್ಕೆ ಆಕೆಯ ಮೂಗು ಸೋರಿತು, ಮುಖಕ್ಕೆ ಕಳೆ ಬಂತು.

ಮಧ್ಯಾಹ್ನ ಬಿಪಿ ಸರಿಯಾಗಿತ್ತು. ಉಳಿದ ಕುರ್ಚಿಗಳ ಕೆಲಸವೆಲ್ಲ ಮುಗಿದಿದ್ದರಿಂದ ಕಲಿಯುವವರೆಲ್ಲ ನನ್ನ ಸುತ್ತಲೇ ಸೇರಿದರು. ಸೂಜಿ ಚುಚ್ಚಿದ್ದಷ್ಟೇ ಗೊತ್ತು. ಆಮೇಲೆ ತುಟಿ ಯಾರದೋ ಅನ್ನಿಸಿತು. ಕೊರೆಯುವ ಸಪ್ಪಳ, ನೀರು, ಕೊನೆಗೆ ಸ್ಕ್ರೂ ಬಿಗಿಯುವ ಸಣ್ಣ ಕಟ್ ಕಟ್. ನನ್ನ ಅಂಗಡಿಯಲ್ಲೇ ಇದ್ದೇನೆ ಅನ್ನಿಸಿ ಭಯ ಹೋಯಿತು. ಕಣ್ಣು ಬಿಟ್ಟೆ. ಸುಮೇಧಾ ಅವರ ಕೈ ಕಲ್ಲಿನಂತೆ ನಿಂತಿತ್ತು. "ಅಲ್ಲಿಗೆ ಸಾಕು. ಬಹಳ ಚೆನ್ನಾಗಿ ಕೂತಿದೆ," ಎಂದರು ದೊಡ್ಡ ಸರ್.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಗಲು ಹೋದೆ. ಸ್ಪರ್ಶವಿಲ್ಲದ ತುಟಿ ಒಂದು ಕಡೆಗಷ್ಟೇ ಎಳೆದುಕೊಂಡಿತು. ಅದನ್ನು ನೋಡಿ ಕೋಣೆಗೆ ಕೋಣೆಯೇ ನಕ್ಕಿತು. ಮಹಾದೇವಿ ಉಳಿದ ಬಾಳೆಹಣ್ಣು ಹಂಚಿದಳು. ದೊಡ್ಡ ಸರ್ ಒಂದು ತಿಂದು, ರೈಲಿಗೆಂದು ಇನ್ನೊಂದನ್ನು ಜೇಬಿಗೆ ಹಾಕಿಕೊಂಡರು.

ಸ್ಕ್ರೂಗೆ ಎಲುಬು ಕೂಡಿಕೊಳ್ಳಲು ಕೆಲವು ತಿಂಗಳು ಕಾದೆ. ಯುಗಾದಿ ಕಳೆದ ಮೇಲೆ ಕಮಲಾಪುರದಲ್ಲೇ ಸುಮೇಧಾ ಅದರ ಮೇಲೆ ಹಲ್ಲು ಕೂರಿಸಿ ಕೈಗೆ ಕನ್ನಡಿ ಕೊಟ್ಟರು. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಹೊರಗೆ ಕಾಯುತ್ತಿದ್ದವರು ಏನಾಯಿತೋ ಎಂದು ಒಳಗೆ ಇಣುಕಿದರು.

ಈಗ ಸುಮೇಧಾ ಅವರ ಹತ್ತಿರ ಇಂಥ ಹಲ್ಲು ಕಟ್ಟಿಸಿಕೊಳ್ಳಲು ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಆಕೆ ಇನ್ನೂ ಎಷ್ಟೋ ಬಾಯಿಗಳನ್ನು ಸರಿಮಾಡಲಿ. ಆದರೆ ಆಕೆಯ ಮೊದಲ ಕೆಲಸ ನನ್ನ ಬಾಯಲ್ಲಿದೆ. ಆ ಹೆಮ್ಮೆಯಿಂದಲೇ ಆ ಹಲ್ಲನ್ನು ದಿನಾ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಉಜ್ಜುತ್ತೇನೆ.