ಒದ್ದೆ ಗ್ಲೌಸಿನ ಪರೀಕ್ಷೆ

ಮೈಸೂರಿನಿಂದ ಚೆನ್ನೈಗೆ ಬಂದ ಮೂರನೆಯ ವರ್ಷ. ಗಿಂಡಿಯ ಒಂದು ಸಣ್ಣ ಆಟೊಮೇಷನ್ ಕಂಪನಿಯಲ್ಲಿ ನಾನು ಹಿರಿಯ ಇಂಜಿನಿಯರ್ ಆಗಿದ್ದೆ. ಕಾರ್ಖಾನೆಯ ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಕೂಡಿಸುವುದು ನಮ್ಮ ಕೆಲಸ. ಪಲ್ಲಾವರಂನ ಒಂದು ಸೆಂಟ್ರಲ್ ಕಿಚನ್ನಿನಿಂದ ಆರ್ಡರ್ ಬಂತು. ಕುಂದಾಪುರ ಕಡೆಯ ಸುಬ್ರಾಯರು ಅದರ ಮಾಲೀಕರು. ನಗರದ ಆರು ಹೋಟೆಲುಗಳಿಗೆ ಸಾಂಬಾರು, ಚಟ್ನಿ, ದೋಸೆ ಹಿಟ್ಟು ಅಲ್ಲಿಂದಲೇ ಹೋಗುತ್ತಿತ್ತು.

ಸಾಂಬಾರು ಕುದಿಯುತ್ತಿದ್ದುದು ಮುನ್ನೂರು ಲೀಟರಿನ ಸ್ಟೀಲ್ ಹಂಡೆಯಲ್ಲಿ. ಹಬೆಯಿಂದ ಬಿಸಿಯಾಗುವ ಈ ಹಂಡೆಯನ್ನು ಕೆಲಸ ಮುಗಿದ ಮೇಲೆ ಮೋಟಾರು ಬಗ್ಗಿಸುತ್ತದೆ. ಹಳೆಯ ಬಟನ್ನುಗಳ ಜಾಗದಲ್ಲಿ ಟಚ್ ಸ್ಕ್ರೀನ್ ಬೇಕೆಂದು ಸುಬ್ರಾಯರು ಕೇಳಿದ್ದರು. ಯಾವ ಬಗೆಯದು ಸೂಕ್ತ ಎಂದು ಹೋಲಿಸಿ ವರದಿ ಕೊಡುವುದು ನನ್ನ ಹೊಣೆ.

ನನ್ನೆದುರು ಮೂರು ಬಗೆಗಳಿದ್ದವು. ರೆಸಿಸ್ಟಿವ್ ಸ್ಕ್ರೀನಿನಲ್ಲಿ ಎರಡು ತೆಳು ಪದರಗಳಿರುತ್ತವೆ; ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ಗ್ಲೌಸ್ ಹಾಕಿಕೊಂಡು ಒತ್ತಿದರೂ ನಡೆಯುತ್ತದೆ, ಆದರೆ ಮೇಲಿನ ಪ್ಲಾಸ್ಟಿಕ್ ಪದರಕ್ಕೆ ಬೇಗ ಗೀರು ಬೀಳುತ್ತದೆ. ಮೊಬೈಲುಗಳಲ್ಲಿರುವ ಕೆಪಾಸಿಟಿವ್ ಸ್ಕ್ರೀನ್ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುತ್ತದೆ. ಗಾಜು ಗಟ್ಟಿ, ಚಿತ್ರ ಸ್ಪಷ್ಟ, ನೋಡಲು ಚೆಂದ. ಆದರೆ ನೀರಿಗೂ ಅಂಥ ಗುಣವಿದೆ. ಮೂರನೆಯದಾದ ಇನ್‌ಫ್ರಾರೆಡ್ ಸ್ಕ್ರೀನಿನಲ್ಲಿ ಅಂಚಿನಿಂದ ಅಂಚಿಗೆ ಕಾಣದ ಬೆಳಕಿನ ಗೆರೆಗಳು ಹಾಯುತ್ತವೆ. ಬೆರಳು ಗೆರೆ ತಡೆದರೆ ಸ್ಪರ್ಶ. ಹಿಟ್ಟು ಮೆತ್ತಿಕೊಂಡರೂ ಅದು ತಡೆಯೇ, ಹಾಗಾಗಿ ಅದನ್ನು ಮೊದಲೇ ಕೈಬಿಟ್ಟೆ.

ಕಿಚನ್ ನೋಡಲು ಹೋದಾಗ ಹಂಡೆಯ ಬಳಿ ಇದ್ದವರು ಗಿರಿಜಮ್ಮ. ಐವತ್ತು ದಾಟಿದ ಹೆಂಗಸು. ಅವರ ತಂದೆ ಕುಂದಾಪುರ ಕಡೆಯಿಂದ ಅಡುಗೆ ಕೆಲಸಕ್ಕೆಂದು ಚೆನ್ನೈಗೆ ಬಂದವರಂತೆ. ಗಿರಿಜಮ್ಮ ಹುಟ್ಟಿದ್ದು ಇಲ್ಲೇ. ಹನ್ನೊಂದು ವರ್ಷದಿಂದ ಅದೇ ಹಂಡೆ ನೋಡಿಕೊಳ್ಳುತ್ತಿದ್ದರು. ತೊಟ್ಟಿಕ್ಕುತ್ತಿದ್ದ ರಬ್ಬರ್ ಗ್ಲೌಸನ್ನು ಎತ್ತಿ ತೋರಿಸಿ, "ಇಲ್ಲಿ ಎಪ್ಪವೂ ಈರ ಸಾರ್. ಕೈ ಒಣಗೂದೇ ಇಲ್ಲೆ. ನೋಡ್ಕಂಡ್ ಹಾಕಿ," ಅಂದರು. ಎಪ್ಪವೂ ಈರ ಎಂದರೆ ತಮಿಳಿನಲ್ಲಿ ಯಾವಾಗಲೂ ಒದ್ದೆ. ನಾನು ತಲೆಯಾಡಿಸಿದೆ.

ಆಫೀಸಿನ ಏಸಿ ರೂಮಿನಲ್ಲಿ ಪರೀಕ್ಷೆ ಮಾಡಿದೆ. ಬರಿಗೈ, ಒಣ ಗ್ಲೌಸ್, ಎಣ್ಣೆ ಬೆರಳು. ವರದಿಯಲ್ಲಿ ಒದ್ದೆ ಗ್ಲೌಸಿನ ಕಾಲಂ ಮಾತ್ರ ಖಾಲಿ ಉಳಿದಿತ್ತು. ಕೆಪಾಸಿಟಿವ್ ಸ್ಯಾಂಪಲನ್ನು ಆ ಸಂಜೆಯೇ ಹಿಂದಿರುಗಿಸಬೇಕಿತ್ತು. ಮಾರಾಟಗಾರರ ಕೈಪಿಡಿಯಲ್ಲಿ ನೀರಿದ್ದರೂ ತೊಂದರೆಯಿಲ್ಲ ಎಂದು ಬರೆದಿತ್ತು. ನಾನು ಆ ಕಾಲಂನಲ್ಲಿ 'ಪಾಸ್' ಎಂದು ಬರೆದೆ. ಹತ್ತು ಇಂಚಿನ ಕೆಪಾಸಿಟಿವ್ ಸ್ಕ್ರೀನ್ ಆಯ್ಕೆಯಾಯಿತು. ಹಂಡೆ ಬಗ್ಗಿಸುವ ಬಟನ್ನನ್ನೂ ಅದರಲ್ಲೇ ಇಟ್ಟೆ.

ಪ್ಯಾನೆಲ್ ಕೂಡಿಸಿ ಐದನೆಯ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಸುಬ್ರಾಯರ ಫೋನ್ ಬಂತು. ಹಂಡೆ ಅವಧಿಗೆ ಮುಂಚೆ ಬಗ್ಗಿ, ಕುದಿಯುವ ಸಾಂಬಾರು ಗಿರಿಜಮ್ಮನ ಎಡಗಾಲಿನ ಮೇಲೆ ಚೆಲ್ಲಿತ್ತು. ಬೂಟಿನೊಳಗೂ ಇಳಿದಿತ್ತು. ಪಾದ, ಕಣಕಾಲು ಬೆಂದಿದ್ದವು.

ಗಿರಿಜಮ್ಮ ಕೆಲಸಕ್ಕೆ ಮರಳಿದ ದಿನ ಸುಬ್ರಾಯರು ವಿಚಾರಣೆಗೆ ಎಲ್ಲರನ್ನೂ ಸೇರಿಸಿದರು. ನಾನು ಪ್ಯಾನೆಲ್ಲಿನ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ, ತೆಗೆದುಕೊಂಡು ಹೋಗಿದ್ದೆ. ಬಗ್ಗಿಸುವ ಬಟನ್ ನಾಲ್ಕು ಸೆಕೆಂಡು ಒತ್ತಲ್ಪಟ್ಟಿದೆ ಎಂದು ಅದರಲ್ಲಿತ್ತು.

"ಸತ್ಯಮಾ ನಾ ಮುಟ್ಲಿಲ್ಲೆ ಸಾರ್," ಗಿರಿಜಮ್ಮ ಹೇಳಿದರು. "ನಾ ಸೌಟ್ ಹಿಡ್ಕಂಡಿದ್ದೆ. ಅದಾಗೇ ಬಗ್ಗಿತ್."

"ಲಾಗ್ ಸುಳ್ಳು ಹೇಳಲ್ಲಮ್ಮ," ಎಂದೆ. ಹದಿನೆಂಟು ಜನರ ಮುಂದೆ ಎಂದೆ.

ಹೇಳುವಾಗಲೇ, ಪರೀಕ್ಷಿಸದೆ 'ಪಾಸ್' ಎಂದು ಬರೆದ ಆ ಕಾಲಂ ನೆನಪಾಗಿತ್ತು. ಗೊತ್ತಿರಲಿಲ್ಲ ಎಂದು ಇಂದಿಗೂ ಹೇಳಿಕೊಳ್ಳಲಾರೆ. ಸುಬ್ರಾಯರು ಅವರನ್ನು ತರಕಾರಿ ಹೆಚ್ಚುವ ಕಡೆಗೆ ಹಾಕಿದರು. ಗಿರಿಜಮ್ಮ ಬ್ಯಾಂಡೇಜು ಸುತ್ತಿದ ಕಾಲನ್ನು ಎಳೆಯುತ್ತ ಹೋದರು.

ಎರಡು ವಾರದ ಬಳಿಕ ಹೊಸ ಆಪರೇಟರಿಗೆ ತರಬೇತಿ ಕೊಡಲು ಹೋದೆ. ಅವನು ಇನ್ನೂ ಬಂದಿರಲಿಲ್ಲ. ಹಂಡೆ ಖಾಲಿಯಿತ್ತು, ತೊಳೆಯಲೆಂದು ಹಬೆ ಬಿಟ್ಟಿದ್ದರು. ಹಬೆ ಸ್ಕ್ರೀನಿನ ಮೇಲೆ ಹನಿಗಟ್ಟಿತು, ಹನಿಗಳು ಕೂಡಿ ಧಾರೆಯಾಗಿ ಇಳಿದವು. ನಾನು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಸ್ಕ್ರೀನಿನಲ್ಲಿ ನಿಗದಿಪಡಿಸಿಟ್ಟ ತಾಪಮಾನದ ಅಂಕಿ ತಾನಾಗಿ ತೊಂಬತ್ತರಿಂದ ತೊಂಬತ್ತೇಳಕ್ಕೆ ಏರಿತು. ಮೋಟಾರು ಸದ್ದು ಮಾಡಿತು. ಖಾಲಿ ಹಂಡೆ ನನ್ನೆದುರೇ ಬಗ್ಗಿತು. ನೀರಿನ ಧಾರೆಯನ್ನೇ ಸ್ಕ್ರೀನ್ ಬೆರಳೆಂದುಕೊಂಡಿತ್ತು.

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಂಡೆ ಬಳಸದಂತೆ ಅಂದೇ ನಿಲ್ಲಿಸಿದೆ, ಆದರೆ 'ಅಪ್‌ಗ್ರೇಡ್ ಇದೆ' ಎಂದು ಕಾರಣ ಹೇಳಿ. ಮೂರು ದಿನದಲ್ಲಿ ರೆಸಿಸ್ಟಿವ್ ಸ್ಕ್ರೀನ್ ಹಾಕಿದೆ. ಬಗ್ಗಿಸುವುದಕ್ಕೆ ಸ್ಕ್ರೀನಿನಿಂದ ಹೊರಗೆ ಬೇರೆಯೇ ಲೋಹದ ಸ್ವಿಚ್ ಕೂಡಿಸಿದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಹಂಡೆ ಬಗ್ಗುತ್ತದೆ. ಸುಬ್ರಾಯರು ನನ್ನ ಮುತುವರ್ಜಿಯನ್ನು ಹೊಗಳಿ ಕಾಫಿ ಕೊಡಿಸಿದರು. ಆ ಕಾಫಿ ಕುಡಿದೆ ಎಂಬುದು ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನಾಚಿಕೆ ತರುವ ಸಂಗತಿ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಸರ್ವಿಸಿಗೆಂದು ಹೋದಾಗಲೆಲ್ಲ ಗಿರಿಜಮ್ಮ ಕುಂಬಳಕಾಯಿ ಹೆಚ್ಚುತ್ತ ಕೂತಿರುತ್ತಿದ್ದರು. ನಾನು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ. ಒಂದು ದಿನ ಆ ಬಾಗಿಲಿಗೆ ಬೀಗ ಹಾಕಿತ್ತು. ಅವರ ಮುಂದೆಯೇ ಹಾಯಬೇಕಾಯಿತು. "ನಲ್ಲಾ ಇದ್ದೀರಾ ಸಾರ್?" ಎಂದು ಅವರು ಕೇಳಿದರು. ವ್ಯಂಗ್ಯವಿರಲಿಲ್ಲ, ಬರಿಯ ಕ್ಷೇಮ ಸಮಾಚಾರ. ನಾನು ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ: ಮಾಡದ ಪರೀಕ್ಷೆ, ನೀರಿನ ಧಾರೆ, ಅಪ್‌ಗ್ರೇಡಿನ ಸುಳ್ಳು.

ಅವರು ಚಾಕು ಕೆಳಗಿಟ್ಟರು. "ನಂಗೆ ಹೇಳಿ ಎಂತ ಪ್ರಯೋಜ್ನ? ನಾ ಮುಟ್ಲಿಲ್ಲೆ ಅಂತ ನಂಗ್ ಗೊತ್ತಿತ್ತ್," ಅಂದರು. "ಅವತ್ತ್ ಎಲ್ರೆದ್ರಿಗೆ ಹೇಳ್ದ್ರಿ ಅಲ್ದಾ. ಇದ್ನೂ ಎಲ್ರೆದ್ರಿಗೆ ಹೇಳಿ."

ಸುಬ್ರಾಯರ ಕೋಣೆಗೆ ಹೋಗಿ ಮೊದಲು ಅವರಿಗೆ ಹೇಳಿದೆ. ಅವರು "ನಿಮ್ಮ ಮಾತು ನಂಬಿ ಆ ಹೆಂಗಸಿನ ಮಾತು ಕಡೆಗಣಿಸಿದೆನಲ್ಲ," ಎಂದಷ್ಟೇ ಹೇಳಿ ಜನರನ್ನು ಕರೆಸಿದರು. ನನ್ನ ಹರಕು ತಮಿಳಿನಲ್ಲಿ, ನಡುನಡುವೆ ಕನ್ನಡ ಬೆರೆಸಿ, ತಪ್ಪು ನನ್ನದೆಂದು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ನಮ್ಮ ಕಂಪನಿಗೆ ಸುಬ್ರಾಯರ ಮುಂದಿನ ಆರ್ಡರ್ ಬರಲಿಲ್ಲ; ನನ್ನ ಬಡ್ತಿಯೂ ಆ ವರ್ಷ ನಿಂತಿತು.

ಸುಬ್ರಾಯರು ಹಂಡೆಯ ಕೆಲಸ ಮರಳಿ ಕೊಡುತ್ತೇನೆಂದಾಗ ಗಿರಿಜಮ್ಮ ಒಪ್ಪಲಿಲ್ಲ. "ಈಗ ಕಾಲ್ ನಿಲ್ಲೂದಿಲ್ಲೆ ಸಾಮಿ, ಕೂತ್ ಮಾಡು ಕೆಲ್ಸವೇ ಸಾಕ್," ಅಂದರು.

ಯಾವ ಸ್ಕ್ರೀನ್ ಒಳ್ಳೆಯದು ಎಂದು ಕಿರಿಯ ಇಂಜಿನಿಯರುಗಳು ಈಗಲೂ ನನ್ನನ್ನು ಕೇಳುತ್ತಾರೆ. ಎಲ್ಲಿಗೆ, ಯಾರ ಕೈಗೆ ಎಂದು ಕೇಳಿ ಉತ್ತರಿಸುತ್ತೇನೆ. ಅದು ತಾಂತ್ರಿಕ ಪಾಠ, ಯಾರು ಬೇಕಾದರೂ ಕಲಿಸಬಹುದು. ಈ ವೃತ್ತಿ ನನಗೆ ಕಲಿಸಿದ್ದು ಬೇರೆ. ಯಂತ್ರ ಒಂದು ಹೇಳಿ, ಅದರ ಬಳಿ ನಿಂತ ಮನುಷ್ಯ ಇನ್ನೊಂದು ಹೇಳಿದರೆ, ಜನ ಯಂತ್ರವನ್ನೇ ನಂಬುತ್ತಾರೆ. ಹಾಗಾಗಿ ಅದನ್ನು ಮೊದಲು ಅನುಮಾನಿಸಬೇಕಾದವನು ಅದನ್ನು ಕಟ್ಟಿದವನೇ. ನಾನು ಇದನ್ನು ಕಲಿತದ್ದು ಇನ್ನೊಬ್ಬರ ಕಾಲಿನ ಬೆಲೆಗೆ.